ಕರಿಯ ಬಣ್ಣದ ಮಾನ

ಕಾವ್ಯದಲ್ಲಿ ಬರುವ ಬಣ್ಣಗಳಿಗೆ ಅರ್ಥ ಹೇಳುವ ಒಂದು ಸುಲಭ ಪದ್ಧತಿ ನಮ್ಮ ವಿಮರ್ಶೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕೆಂಪು ಬಂದರೆ ಕ್ರಾಂತಿ, ಇಲ್ಲವೆ ಅನುರಾಗ. ಹಸಿರು ಬಂದರೆ ಸಮೃದ್ಧಿ. ಬಿಳಿ ಎಂದರೆ ಶಾಂತಿ. ಕಪ್ಪು ಎಂದರೆ ದುಃಖ, ಅಜ್ಞಾನ, ಮರಣ. ವಿದ್ಯಾರ್ಥಿಗಳು ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ದೊಡ್ಡವರಾದ ಮೇಲೆ ಅದನ್ನೇ ವಿಮರ್ಶೆಯೆಂದು ಬರೆಯುತ್ತಾರೆ. ಕವಿತೆ ಯಾವ ಸೀಮೆಯಲ್ಲಿ ಹುಟ್ಟಿತು, ಅದನ್ನು ಆಡಿದವರು ಯಾರು, ಅವರ ಕಾಲಡಿಯ ಮಣ್ಣು ಯಾವ ಬಣ್ಣದ್ದು ಎಂದು ಕೇಳುವ ಗೋಜಿಗೆ ಹೋಗುವವರು ಕಡಿಮೆ. ಈ ಪಟ್ಟಿ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರೀಕ್ಷಿಸಲು ಕನ್ನಡದ ತಿರುಳೆನಿಸಿದ ಸೀಮೆಯನ್ನೇ ಒರೆಗಲ್ಲಾಗಿ ತೆಗೆದುಕೊಳ್ಳುವುದು ಲೇಸು.

ಗದಗ ಜಿಲ್ಲೆಯ ಇಂದಿನ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರುಗಳ ನಡುವಣ ಕನ್ನಡವನ್ನು ತಿರುಳ್ಗನ್ನಡವೆಂದು ಕರೆಯಿತು. ಒಂದು ಶತಮಾನ ಕಳೆಯುವಷ್ಟರಲ್ಲಿ ಪಂಪನು ತನ್ನ ಭಾರತವನ್ನು ಬರೆದದ್ದು ಪುಲಿಗೆರೆಯ ಕನ್ನಡದಲ್ಲಿಯೇ. ಈ ನಾಲ್ಕರಲ್ಲಿ ಕಿಸುವೊಳಲೆಂದರೆ ಇಂದಿನ ಪಟ್ಟದಕಲ್ಲು. ‘ಕಿಸು’ ಎಂದರೆ ಕೆಂಪು. ಕಿಸುವೊಳಲು ಕೆಂಪು ಊರು. ಅಲ್ಲಿಯ ಮರಳುಗಲ್ಲನ್ನು ಕಂಡವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದರೆ ಕನ್ನಡದ ತಿರುಳಿನ ಎಲ್ಲೆಯನ್ನು ಗುರುತಿಸಿದ ಹೆಸರುಗಳಲ್ಲಿಯೇ ಒಂದು ಬಣ್ಣ ಕುಳಿತಿದೆ. ಆ ಬಣ್ಣ ಯಾವ ಭಾವದ ಸಂಕೇತವೂ ಅಲ್ಲ, ನೆಲದ ಗುರುತು.

ನಮ್ಮ ಹಳೆಯ ಬಣ್ಣದ ಮಾತುಗಳ ಬೇರನ್ನು ಅಗೆದು ನೋಡಿದರೆ ಇದೇ ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಹಸಿರಿನ ಬೇರು ‘ಹಸಿ’. ಒಣಗದಿರುವುದು, ನೀರು ಉಳ್ಳದ್ದು ಎಂದರ್ಥ. ‘ಬೆಳ್’ ಎಂಬುದು ಬೆಳಕು, ಬೆಳಗು, ಬೆಳ್ಳಿ, ಬೆಳುದಿಂಗಳುಗಳ ಬಳಗ. ‘ಕರ್’ ಎಂಬುದು ದೀರ್ಘವಾದಾಗ ‘ಕಾರ್’, ಕಾರ್ಮುಗಿಲು, ಕಾರ್ಗಾಲ. ಮಳೆಗಾಲಕ್ಕೆ ಕನ್ನಡ ಕೊಟ್ಟ ಹೆಸರು ಕರಿಯ ಕಾಲವೆಂದು! ಲಕ್ಷ್ಮೇಶ್ವರ, ಶಿರಹಟ್ಟಿಗಳ ಸುತ್ತಿನ ರೈತನಿಗೆ ಹೊಲ ಎರಡು ಬಗೆ: ಎರಿ ಮತ್ತು ಮಸಾರಿ. ಎರಿ ಕಪ್ಪು, ಮಸಾರಿ ಕೆಂಪು. ಬಿದ್ದ ಹನಿಯನ್ನು ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೆಯೂ ಹಿಂಗಾರಿ ಜೋಳವನ್ನೂ ಕಡಲೆಯನ್ನೂ ಕುಸುಬಿಯನ್ನೂ ಸಾಕುವ ನೆಲ ಎರಿ. ಈ ಸೀಮೆಯಲ್ಲಿ ಆಕಾಶ ಕಪ್ಪಾಯಿತೆಂದರೆ ಜೀವ ಬಂತು. ನೆಲ ಕಪ್ಪಾಗಿದೆಯೆಂದರೆ ಅನ್ನ ಉಂಟು. ಇಲ್ಲಿಯ ಹಾಡಿನಲ್ಲಿ ಕಪ್ಪು ಬಂದಾಗ ಪಟ್ಟಿಯನ್ನು ತೆಗೆದು ‘ದುಃಖ’ವೆಂದು ಬರೆಯುವ ವಿಮರ್ಶಕನು ಹಾಡನ್ನು ಓದಲಿಲ್ಲ, ಟಿಪ್ಪಣಿಯನ್ನು ಓದಿದ.

ಕಾರಹುಣ್ಣಿಮೆಯ ದಿನ ಎತ್ತುಗಳಿಗೆ ಬಣ್ಣ ಬಳಿದು, ಸಿಂಗರಿಸಿ, ‘ಕರಿ ಹರಿಯುವ’ ಪದ್ಧತಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಓಟದಲ್ಲಿ ಬಿಳಿ ಎತ್ತು ಮುಂದಾದರೆ ಹಿಂಗಾರಿ ಬೆಳೆ ಚೆನ್ನ, ಕೆಂದೆತ್ತು ಮುಂದಾದರೆ ಮುಂಗಾರಿ ಚೆನ್ನ ಎಂದು ಹಲವು ಊರುಗಳಲ್ಲಿ ಹೇಳುತ್ತಾರೆ. ಈ ಭವಿಷ್ಯವನ್ನು ನಂಬುವುದು ಬಿಡುವುದು ಬೇರೆ ಮಾತು. ಗಮನಿಸಬೇಕಾದದ್ದು, ಇಲ್ಲಿ ಬಿಳಿಯೂ ಕೆಂಪೂ ಒಳ್ಳೆಯದು-ಕೆಟ್ಟದ್ದು ಎಂದು ಎದುರುಬದುರು ನಿಂತಿಲ್ಲ. ಎರಡಕ್ಕೂ ತಮ್ಮ ತಮ್ಮ ಕಾಲವಿದೆ, ತಮ್ಮ ತಮ್ಮ ಪೈರಿದೆ. ಬಣ್ಣದ ಅರ್ಥವೆಂಬುದು ಬಣ್ಣದೊಳಗೆ ಇರುವ ವಸ್ತುವಲ್ಲ, ಅದು ಒಂದು ಸಂಬಂಧ ಎಂಬ ತಿಳಿವು ಈ ಆಟದಲ್ಲಿದೆ.

ಜನರ ಮಾತಿನಿಂದ ಪಂಡಿತರ ಶಾಸ್ತ್ರಕ್ಕೆ ಬಂದರೂ ಪಟ್ಟಿಗೆ ಬೆಂಬಲ ಸಿಕ್ಕುವುದಿಲ್ಲ. ಭರತನ ನಾಟ್ಯಶಾಸ್ತ್ರವು ರಸಗಳಿಗೆ ಬಣ್ಣ ಹಂಚುವಾಗ ಹಾಸ್ಯಕ್ಕೆ ಬಿಳಿಯನ್ನು, ರೌದ್ರಕ್ಕೆ ಕೆಂಪನ್ನು, ಅದ್ಭುತಕ್ಕೆ ಹಳದಿಯನ್ನು ಕೊಟ್ಟಿತು. ಶೃಂಗಾರಕ್ಕೆ ಕೊಟ್ಟದ್ದು ಶ್ಯಾಮವನ್ನು. ಪ್ರೀತಿಯ ಬಣ್ಣ ಕಪ್ಪುಛಾಯೆಯದು ಎಂದು ನಮ್ಮ ಮೊದಲ ರಸಶಾಸ್ತ್ರವೇ ಹೇಳಿರುವಾಗ, ಪ್ರೀತಿಗೆ ಪಾತ್ರಳಾಗಲು ಹೆಣ್ಣು ಬೆಳ್ಳಗಿರಬೇಕೆಂಬ ಮಾತನ್ನು ‘ನಮ್ಮ ಸಂಸ್ಕೃತಿ’ಯೆಂದು ಹೇಗೆ ಒಪ್ಪೋಣ? ಮಹಾಭಾರತವನ್ನು ನೋಡಿರಿ. ಅದನ್ನು ಹೇಳಿದ ವ್ಯಾಸನು ಕೃಷ್ಣದ್ವೈಪಾಯನ. ಅದರ ಸೂತ್ರಧಾರ ಕೃಷ್ಣ. ಅದರ ನಾಯಕಿ ಕೃಷ್ಣೆ. ಅರ್ಜುನನ ಹತ್ತು ಹೆಸರುಗಳಲ್ಲಿ ಒಂದು ಕೃಷ್ಣ. ಕೃಷ್ಣ ಎಂದರೆ ಕರಿಯ. ಈ ನಾಲ್ವರು ಕರಿಯರ ಕಥೆಯನ್ನು ಪಂಪನು ಪುಲಿಗೆರೆಯ ಕನ್ನಡದಲ್ಲಿ ಹೇಳಿದ. ಕುಮಾರವ್ಯಾಸನು ಇಲ್ಲಿಂದ ಬಹು ದೂರವಲ್ಲದ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಹಾಡಿದ. ಮುಂದೆ ಅಚ್ಚಿನ ಪಟಗಳ ಕಾಲ ಬಂತು. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯ ಹುಟ್ಟಿ ದೇವರ ಪಟಗಳು ಮನೆಮನೆಯ ಗೋಡೆಗೆ ಬರತೊಡಗಿದವು. ಪಟಗಳಲ್ಲಿ, ಆಮೇಲೆ ಸಿನೆಮಾಗಳಲ್ಲಿ, ದೂರದರ್ಶನದ ಧಾರಾವಾಹಿಗಳಲ್ಲಿ ಕೃಷ್ಣನು ತಿಳಿನೀಲಿಯಾದ, ದ್ರೌಪದಿ ಬೆಳ್ಳಗಾದಳು. ಹೆಸರು ಮಾತ್ರ ಕಪ್ಪಾಗಿ ಉಳಿಯಿತು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಿಂದೆ ಎಲ್ಲವೂ ಚೆನ್ನಾಗಿತ್ತು, ಈಚೆಗೆ ಕೆಟ್ಟಿತು ಎಂಬ ಹಾಡು ಪಟ್ಟಿಗಿಂತಲೂ ಸುಲಭವಾದದ್ದು, ಆದ್ದರಿಂದ ಹೆಚ್ಚು ಅಪಾಯದ್ದು. ಕೀರ್ತಿ ಬಿಳಿ, ಅಪಕೀರ್ತಿ ಕಪ್ಪು, ಪಾಪ ಕಪ್ಪು ಎಂಬುದೂ ನಮ್ಮ ಕವಿಸಮಯವೇ. ಕವಿಸಮಯಕ್ಕೆಂದೇ ತನ್ನ ‘ಕಾವ್ಯಾವಲೋಕನ’ದಲ್ಲಿ ಒಂದು ಅಧಿಕರಣವನ್ನು ಮೀಸಲಿಟ್ಟ ನಾಗವರ್ಮನ ಕಾಲಕ್ಕೆ ಅದು ಬೇರೂರಿದ ಸಂಪ್ರದಾಯ. ರಾಕ್ಷಸರು ಕಪ್ಪಾಗಿರುವುದೂ ಹೊಸದಲ್ಲ. ‘ಬಣ್ಣ’ವೆಂಬ ಮಾತೇ ‘ವರ್ಣ’ದ ತದ್ಭವ, ವರ್ಣವೆಂದರೆ ಜಾತಿಯ ಮೆಟ್ಟಿಲು ಕೂಡ. ಆದರೂ ಒಂದು ವ್ಯತ್ಯಾಸವುಂಟು. ಕಪ್ಪು ಮತ್ತು ನೀಲಿ, ಕಪ್ಪು ಮತ್ತು ಹಸಿರು, ಹಳದಿ ಮತ್ತು ಕೆಂಪು ಇವನ್ನು ಕವಿಗಳು ಒಂದಾಗಿ ಕಾಣುತ್ತಾರೆಂದು ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಬರೆದ. ಬಣ್ಣಗಳ ನಡುವೆ ಅಂದು ಬೇಲಿ ಇದ್ದಿರಬಹುದು. ಆ ಬೇಲಿಯಲ್ಲಿ ದಾಟಲು ಸಂದು ಇತ್ತು. ಒಂದೇ ಕಪ್ಪು ಪಾಪಕ್ಕೂ ಸಲ್ಲುತ್ತಿತ್ತು, ಮುಗಿಲಿಗೂ ಸಲ್ಲುತ್ತಿತ್ತು, ಪ್ರೀತಿಗೂ ಸಲ್ಲುತ್ತಿತ್ತು. ಇಂದು ನಾವು ಕಳೆದುಕೊಂಡದ್ದು ಈ ಹಲವು ಸಲ್ಲುವಿಕೆಯನ್ನು.

ಇದು ಬರಿಯ ಗ್ರಂಥಗಳ ಮಾತಲ್ಲ ಎಂಬುದಕ್ಕೆ ಬಟ್ಟೆಯೇ ಸಾಕ್ಷಿ. ಗದಗಿನ ಅವಳಿಯಾದ ಬೆಟಗೇರಿ ನೇಕಾರರ ಊರು. ಇಳಕಲ್ಲು, ಗುಳೇದಗುಡ್ಡಗಳೂ ಈ ಸೀಮೆಯ ಸೀರೆ-ಖಣಗಳ ತವರು. ಇಳಕಲ್ಲಿನ ಸೀರೆಯ ಕೆಂಪು ಸೆರಗಿನ ಟೋಪತೆನಿಯನ್ನು ಬಲ್ಲವರಿಗೆ ‘ಚಂದ್ರಕಾಳಿ’ ಸೀರೆಯೂ ಗೊತ್ತು. ಅದು ಕರಿ ಸೀರೆ. ಮದುವೆಯ ಹುಡುಗಿಗೆ ಕಸೂತಿ ಹಾಕಿದ ಚಂದ್ರಕಾಳಿಯನ್ನು ಕೊಡುವುದು ಧಾರವಾಡದ ಕಡೆಯ ಅನೇಕ ಮನೆತನಗಳಲ್ಲಿ ದೊಡ್ಡ ಹೆಮ್ಮೆಯ ಸಂಗತಿಯಾಗಿತ್ತು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಯಲ್ಲಿ ಎಳೆ ಎಣಿಸಿ ತೆಗೆದ ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿಯ ಆನೆ ಇವು ಎದ್ದು ಕಾಣಲು ಕಪ್ಪೇ ಬೇಕು. ಮತ್ತೆ ಆ ಕಪ್ಪು ಸುಮ್ಮನೆ ಬಂದದ್ದಲ್ಲ. ನೂಲನ್ನು ನೀಲಿಯ ಬಾನಿಯಲ್ಲಿ ಮತ್ತೆ ಮತ್ತೆ ಅದ್ದಿ, ಗಾಳಿಗೆ ಆರಿಸಿ, ಮತ್ತೆ ಅದ್ದಿದಾಗ ಅದು ಒದಗುತ್ತಿತ್ತು. ಬಣ್ಣಗಾರನ ಲೆಕ್ಕದಲ್ಲಿ ಕರಿ ಬಟ್ಟೆಯೆಂದರೆ ಎಲ್ಲಕ್ಕಿಂತ ಹೆಚ್ಚು ಬಣ್ಣ ಕುಡಿದ ಬಟ್ಟೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

1856ರಲ್ಲಿ ಲಂಡನ್ನಿನಲ್ಲಿ ಪರ್ಕಿನ್ ಎಂಬ ಹದಿನೆಂಟು ವರ್ಷದ ತರುಣ ಕಲ್ಲಿದ್ದಲ ಡಾಂಬರಿನಿಂದ ಕೃತಕ ಬಣ್ಣ ತೆಗೆದ. 1869ರ ಹೊತ್ತಿಗೆ ಮಂಜಿಷ್ಠದ ಕೆಂಪಿಗೆ ಬದಲಿ ಪೇಟೆಗೆ ಬಂತು. 1897ರಲ್ಲಿ ಜರ್ಮನಿಯ ಕೃತಕ ನೀಲಿ ಬಂತು. ಅಲ್ಲಿಂದ ಮುಂದೆ ಬಣ್ಣದ ಬೆಲೆಗೂ ಶ್ರಮಕ್ಕೂ ಇದ್ದ ನಂಟು ಸಡಿಲಿತು. ಇದರಿಂದ ಬಡವರ ಮೈಗೂ ಹಿಂದೆ ಸಿಕ್ಕದ ಬಣ್ಣಗಳು ಸಿಕ್ಕವು. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಎಲ್ಲ ಬಣ್ಣವೂ ಡಬ್ಬಿಯಲ್ಲಿ ಒಂದೇ ದರಕ್ಕೆ ಸಿಕ್ಕತೊಡಗಿದಾಗ, ಕಪ್ಪಿನ ಹಿರಿಮೆಗೆ ಕಾರಣವಾಗಿದ್ದ ದುಡಿಮೆ ಮರೆತುಹೋಯಿತು. ಅದರ ಮೇಲಿನ ಅಪವಾದ ಮಾತ್ರ ಉಳಿಯಿತು. ಮದುವೆಗೆ ಕರಿ ಸೀರೆ ಅಶುಭವೆಂದು ಇಂದು ಅಂಗಡಿಯಲ್ಲಿ ಬದಿಗಿಡುವವರಿದ್ದಾರೆ. ಅದೇ ಮದುವೆಯಲ್ಲಿ ಹೆಣ್ಣಿನ ಕೊರಳಿಗೆ ಕಟ್ಟುವುದು ಕರಿಮಣಿಯನ್ನು. ಮುಂದೆ ಹುಟ್ಟುವ ಕೂಸಿನ ಕೆನ್ನೆಗೆ ಇಡುವುದು ಕಾಡಿಗೆಯ ಬೊಟ್ಟನ್ನು. ಮೈಲಾರಲಿಂಗನ ಗೊರವಯ್ಯನು ತೊಡುವುದು ಕರಿ ಕಂಬಳಿಯ ನಿಲುವಂಗಿಯನ್ನು. ಅವನನ್ನು ಬಾಗಿಲಿನಿಂದ ಅಶುಭವೆಂದು ಅಟ್ಟಿದ ಮನೆ ಈ ಸೀಮೆಯಲ್ಲಿ ಇರಲಾರದು.

ಕೆಂಪಿನ ಕಥೆ ಇನ್ನೂ ಕಠಿಣವಾದದ್ದು. ಹಣೆಯ ಕುಂಕುಮ ಕೆಂಪು. ಇಳಕಲ್ಲಿನ ‘ಗಿರಿ ಕುಂಕುಮ’ದ ಸೀರೆ ಮುತ್ತೈದೆಯ ಭಾಗ್ಯದ್ದು. ಅದೇ ಕರ್ನಾಟಕದ ಬ್ರಾಹ್ಮಣ ಮನೆಗಳಲ್ಲಿ ತಲೆ ಬೋಳಿಸಿ ಮೂಲೆಗೆ ಸರಿಸಿದ ಮಡಿ ಹೆಂಗಸಿಗೆ ಉಡಿಸಿದ್ದೂ ಕೆಂಪು ಸೀರೆಯನ್ನೇ. ಒಂದೇ ಬಣ್ಣ ಒಬ್ಬಳಿಗೆ ಸೌಭಾಗ್ಯ, ಮತ್ತೊಬ್ಬಳಿಗೆ ಶಿಕ್ಷೆ. ಸಿನೆಮಾಗಳು ವಿಧವೆಗೆ ಬಿಳಿ ಸೀರೆಯನ್ನು ಎಲ್ಲೆಡೆಯೂ ಒಂದೇ ಸಮವಸ್ತ್ರವಾಗಿ ಉಡಿಸಿದ ಮೇಲೆ, ಕೆಂಪು ಸೀರೆಯ ಆ ಅಜ್ಜಿಯರ ನೆನಪು ಹೊಸ ತಲೆಮಾರಿಗೆ ಅಳಿಸಿಹೋಗುತ್ತಿದೆ. ನಮ್ಮ ಕಾದಂಬರಿಗಳಲ್ಲಿ ಕೆಂಪು ಸೀರೆ ಕಂಡೊಡನೆ ‘ಅನುರಾಗದ ಸಂಕೇತ’ ಎಂದು ಬರೆಯಲು ಹೊರಟವನು ಒಬ್ಬ ಹೆಣ್ಣಿನ ಇಡೀ ಬಾಳಿನ ಸಂಕಟವನ್ನು ಅಳಿಸಿಬಿಡುತ್ತಾನೆ. ಬಣ್ಣದ ಅರ್ಥ ಸಂಬಂಧದಲ್ಲಿದೆ ಎಂದಾಗ ಆ ಸಂಬಂಧ ಯಾವಾಗಲೂ ಸುಖದ್ದು ಎಂದು ತಿಳಿಯಬಾರದು.

ಹಸಿರಿನಲ್ಲಿಯೂ ಈ ಸಂಬಂಧಗಳು ಹಲವು. ಕುವೆಂಪು ಅವರ ‘ಹಸುರು’ ಎಂಬ ಪ್ರಸಿದ್ಧ ಕವಿತೆಯಲ್ಲಿ ಕಂಡದ್ದೆಲ್ಲ ಹಸುರಾಗಿ ಕೊನೆಗೆ ಕವಿಯ ಆತ್ಮವೂ ನೆತ್ತರೂ ಹಸುರಾಗುತ್ತವೆ. ಅದು ಮಲೆನಾಡಿನ ತುಂಬು ಹಸುರು, ಕಣ್ಣು ಹೊರಳಿಸಿದಲ್ಲೆಲ್ಲ ಸಿಕ್ಕುವಂಥದು. ಬಯಲುಸೀಮೆಯಲ್ಲಿ ಹಸಿರು ಹಾಗೆ ಹರಡಿ ಬಿದ್ದಿಲ್ಲ. ಇಲ್ಲಿ ಅದು ವರ್ಷದ ಕೆಲವು ತಿಂಗಳ ಅತಿಥಿ. ಉಳಿದ ಕಾಲದಲ್ಲಿ ಅದು ಬದುಕಿಕೊಂಡಿರುವುದು ಹೆಣ್ಣಿನ ಮುಂಗೈಯ ಬಳೆಯಲ್ಲಿ. ಮಲೆನಾಡಿನಲ್ಲಿ ಹಸಿರು ಇರುವಿಕೆ, ಬಯಲಿನಲ್ಲಿ ಬಯಕೆ. ಎರಡನ್ನೂ ‘ಸಮೃದ್ಧಿ’ ಎಂಬ ಒಂದೇ ಗೋಣಿಯಲ್ಲಿ ತುಂಬಿದರೆ ಎರಡು ಸೀಮೆಯ ಕಾವ್ಯಕ್ಕೂ ಅನ್ಯಾಯವಾಗುತ್ತದೆ.

ಲಕ್ಷ್ಮೇಶ್ವರದೊಳಗೇ ನೋಡಿದರೆ ಹಸಿರಿಗೆ ಒಡೆಯರು ಹಲವರು. ಬಾಳೆಹೊನ್ನೂರಿನ ರಂಭಾಪುರಿ ಪೀಠದ ಧ್ವಜ ಹಸಿರು. ಆ ಪೀಠದ ಭಕ್ತರು ಇಲ್ಲಿ ಬಹಳ. ದೂದಪೀರಾಂ ದರ್ಗೆಗೆ ಹೊದಿಸುವ ಚಾದರವೂ ಹಸಿರು. ಬಳೆಗಾರನ ಮಲಾರದಲ್ಲಿ ಮುತ್ತೈದೆ ಮೊದಲು ಬೆರಳಿಡುವುದೂ ಹಸಿರಿನ ಮೇಲೆ. 1980ರಲ್ಲಿ ಇದೇ ಸೀಮೆಯ ನರಗುಂದ-ನವಲಗುಂದಗಳಲ್ಲಿ ರೈತರು ಬಂಡೆದ್ದರು; ಆ ವರ್ಷವೇ ಹುಟ್ಟಿದ ರೈತಸಂಘದ ಹೆಗಲಿಗೆ ಬಂದದ್ದೂ ಹಸಿರು ಶಾಲೇ. ಒಂದು ಊರಿನಲ್ಲಿ ಒಂದು ಬಣ್ಣ ಇಷ್ಟು ಜನರಿಗೆ ಸಲ್ಲುವುದು ಆ ಊರಿನ ದೊಡ್ಡಸ್ತಿಕೆ. ಶರೀಫ ಸಾಹೇಬರ ಶಿಶುನಾಳವೂ ಇಲ್ಲಿಗೆ ಬಹು ದೂರವಲ್ಲ. ಗುರು ಗೋವಿಂದಭಟ್ಟರು, ಶಿಷ್ಯ ಶರೀಫ. ಅಂಥ ಗುರುಶಿಷ್ಯರಿದ್ದ ನಾಡಿನಲ್ಲಿ ಹಸಿರು ಯಾರದೆಂದು ಕೇಳುವುದೇ ಅಸಂಬದ್ಧವಾಗಬೇಕಿತ್ತು.

ಆದರೆ ಕೇಳುವ ಕಾಲ ಬಂದಿದೆ. ಬಣ್ಣಗಳು ಗುಂಪುಗಳ ಗುರುತುಚೀಟಿಯಾಗುವ ಕೆಲಸ ಸ್ವಾತಂತ್ರ್ಯದ ಹಿಂದುಮುಂದಿನ ದಶಕಗಳಿಂದಲೂ ನಡೆದಿದೆ. ಎಲ್ಲವೂ ಕೆಟ್ಟದ್ದೆಂದು ಹೇಳಲಾಗದು. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ಕನ್ನಡ ಬಾವುಟಕ್ಕೆ ಹಳದಿ-ಕೆಂಪನ್ನು ಆರಿಸಿದಾಗ, ಹೊಸ್ತಿಲಿನ ಅರಿಸಿನ-ಕುಂಕುಮ ಬೀದಿಯ ಮೇಲಕ್ಕೆ ಏರಿತು. ಜನರ ಮನಸ್ಸಿಗೆ ಅದು ಕೂಡಲೆ ಹಿಡಿಸಿದ್ದಕ್ಕೆ ಆ ಪರಿಚಯವೇ ಕಾರಣ. ಅಂಬೇಡ್ಕರರ ಚಳವಳಿಯ ನೀಲಿ ಕೋಟಿ ಜನರಿಗೆ ತಲೆಯೆತ್ತಿ ನಡೆಯುವ ಧೈರ್ಯ ಕೊಟ್ಟಿತು. ಆದರೆ 2022ರ ಫೆಬ್ರುವರಿಯಲ್ಲಿ ಕರ್ನಾಟಕದ ಕಾಲೇಜುಗಳ ಅಂಗಳದಲ್ಲಿ ತಲೆವಸ್ತ್ರದ ವಿವಾದದ ಸುತ್ತ ಕೇಸರಿ ಶಾಲು, ನೀಲಿ ಶಾಲುಗಳು ಎದುರುಬದುರು ನಿಂತಾಗ, ಒಂದೇ ಬೆಂಚಿನ ಮಕ್ಕಳು ಪರಸ್ಪರರ ಮುಖಕ್ಕೆ ಮೊದಲು ಬಟ್ಟೆಯ ಬಣ್ಣವನ್ನು ನೋಡುವಂತಾಯಿತು. ಸರ್ವಸಂಗ ಬಿಟ್ಟವನ ಕಾವಿ ಯಾವ ಗುಂಪಿಗೂ ಸೇರಿದ್ದಲ್ಲ ಎಂಬುದೇ ಕಾವಿಯ ಅರ್ಥವಾಗಿತ್ತು. ಅದರ ನೆರೆಯ ಬಣ್ಣವಾದ ಕೇಸರಿ ಗುಂಪಿನ ಗುರುತಾದದ್ದು ನಮ್ಮ ಕಾಲದ ಒಂದು ವಿಪರ್ಯಾಸ.

ಗುಂಪಿಗೆ ಅಂಟಿದ ಬಣ್ಣವನ್ನು ಶಾಲಿನಂತೆ ತೆಗೆದಿಡಬಹುದು. ಮೈಗೆ ಅಂಟಿದ ಬಣ್ಣದ ಗತಿಯೇನು? ಹೆಣ್ಣು ನೋಡಿಬಂದವರು ನಮ್ಮಲ್ಲಿ ಆಡುವ ಒಂದು ಮಾತುಂಟು: “ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಬಣ್ಣ ಸ್ವಲ್ಪ ಕಡಿಮೆ.” ಎಲ್ಲಕ್ಕಿಂತ ಹೆಚ್ಚು ಬಣ್ಣ ಕುಡಿದದ್ದು ಕಪ್ಪು ಎಂದು ಬಲ್ಲ ನೇಕಾರರ ನಾಡಿನಲ್ಲಿ ಕಪ್ಪಿಗೆ ‘ಬಣ್ಣ ಕಡಿಮೆ’ ಎಂಬ ಹೆಸರು! ಬಣ್ಣವೆಂದರೆ ಬಿಳುಪು ಮಾತ್ರ, ಉಳಿದದ್ದು ಅದರ ಕೊರತೆ ಎಂಬ ಲೆಕ್ಕ ಈ ಮೂರು ಮಾತಿನಲ್ಲಿ ಅಡಗಿದೆ. ಈ ಲೆಕ್ಕ ಹಳೆಯ ವರ್ಣಗರ್ವದಿಂದ ಒಂದಿಷ್ಟು ಬಂತು. ಬಿಳಿಯರ ಆಳಿಕೆಯಿಂದ ಒಂದಿಷ್ಟು ಬಂತು. 1975ರಲ್ಲಿ ಪೇಟೆಗಿಳಿದ ‘ಫೇರ್ ಅಂಡ್ ಲವ್ಲಿ’ಯ ಕೊಳವೆಯಿಂದ ಇನ್ನೊಂದಿಷ್ಟು ಹಿಂಡಿಕೊಂಡು ಬಂತು. 2020ರಲ್ಲಿ, ಜಗತ್ತಿನಾದ್ಯಂತ ಕರಿಯರ ಮೇಲಿನ ಅನ್ಯಾಯದ ವಿರುದ್ಧ ಕೂಗೆದ್ದಾಗ, ಆ ಕೊಳವೆಯ ಮೇಲಿನ ‘ಫೇರ್’ ಹೋಗಿ ‘ಗ್ಲೋ’ ಬಂತು. ಹೆಸರು ಬದಲಾಯಿತು, ಹೆಣ್ಣು ನೋಡಲು ಬಂದವರ ಮಾತು ಬದಲಾಗಲಿಲ್ಲ.

ಜೋಳದ ರೊಟ್ಟಿಯಿಂದ ಬೆಳೆದ ಮೈಗೆ ಪತ್ರಿಕೆಯ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳು ‘ಗೋಧಿ ಬಣ್ಣ’ವೆಂದು ಬರೆಯುವುದನ್ನೂ ಗಮನಿಸಬೇಕು. 2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರ ಆ ಸವೆದ ಸರಕಾರಿ ಮಾತನ್ನೇ ಹೆಸರಾಗಿ ಇಟ್ಟುಕೊಂಡು, ಎಲ್ಲರಿಗೂ ಹೊಂದುವ ವರ್ಣನೆಯಿಂದ ಒಬ್ಬ ಮನುಷ್ಯನನ್ನು ಹುಡುಕಲಾಗದು ಎಂಬುದನ್ನು ಚೆನ್ನಾಗಿ ಕಾಣಿಸಿತು. ‘ಎಣ್ಣೆಗೆಂಪು’, ‘ಎಣ್ಣೆಗಪ್ಪು’, ‘ಸಾದಗಪ್ಪು’ ಎಂದು ಒಂದೊಂದು ಛಾಯೆಗೂ ಹೆಸರಿಟ್ಟ ಭಾಷೆ ನಮ್ಮದು. ಮಕ್ಕಳಿಗೆ ಕರಿಯಪ್ಪ, ಕರೆವ್ವ, ಕರಿಬಸಪ್ಪ, ಕೆಂಚವ್ವ, ನೀಲವ್ವ ಎಂದು ದೇವರ ಬಣ್ಣವನ್ನೇ ಹೆಸರಾಗಿ ಕೊಟ್ಟ ಜನ ನಾವು. ಇಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಕರೆವ್ವ ಸಿಕ್ಕುವುದು ಅಪರೂಪ. ಕರೆವ್ವ ಎಂಬ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡಲು ನಾಚುವ ಮನೆ, ಒಂದು ಹೆಸರನ್ನಷ್ಟೇ ಬಿಡುತ್ತಿಲ್ಲ. ಕರಿಯ ದೇವಿಯೂ ಪೂಜ್ಯಳು ಎಂಬ ನಂಬಿಕೆಯನ್ನೂ ಬಿಡುತ್ತಿದೆ.

ಇಂಥ ಹೊತ್ತಿನಲ್ಲಿ ಸಾಹಿತ್ಯ ಏನು ಮಾಡಿದೆ? ಸಿದ್ಧಲಿಂಗಯ್ಯನವರು ತಮ್ಮ ಒಂದು ಕವನಸಂಗ್ರಹವನ್ನು ‘ಕಪ್ಪು ಕಾಡಿನ ಹಾಡು’ ಎಂದು ಕರೆದರು. ಇಲ್ಲಿ ಕಪ್ಪು ದುಃಖದ ಸಂಕೇತವೆಂದು ಓದಿದರೆ ಅರ್ಧ ತಿಳಿದಂತೆ; ಶಕ್ತಿಯ ಸಂಕೇತವೆಂದು ಓದಿದರೆ ಇನ್ನರ್ಧ. ಎರಡನ್ನೂ ಒಟ್ಟಿಗೆ ಹಿಡಿಯುವ ಕರಿತನವದು. ನೋವೂ ಹೌದು, ಬಲವೂ ಹೌದು. ದಲಿತ ಕಾವ್ಯ ಕಪ್ಪಿಗೆ ಹೊಸ ಅರ್ಥ ಕೊಟ್ಟಿತೆಂದು ನಮ್ಮ ವಿಮರ್ಶಕರು ಹೊಗಳುತ್ತಾರೆ. ಅದಕ್ಕಿಂತ ದೊಡ್ಡ ಕೆಲಸವನ್ನು ಅದು ಮಾಡಿತು ಎಂದು ನಮ್ಮ ಅಭಿಪ್ರಾಯ: ಕಾರ್ಮುಗಿಲಿನಲ್ಲಿ, ಎರಿಯಲ್ಲಿ, ಕಂಬಳಿಯಲ್ಲಿ ಮೊದಲೇ ಇದ್ದ ಮಾನವನ್ನು, ಅದರ ನಿಜವಾದ ವಾರಸುದಾರರ ಬಾಯಿಯಿಂದ ಹೇಳಿಸಿತು. ಆ ಕವಿತೆಗಳನ್ನು ಪರದೇಶದ ಕರಿಯರ ಕಾವ್ಯದ ನೆರಳೆಂದು ತಳ್ಳಿಹಾಕುವವರು ಪುಲಿಗೆರೆಯ ಹೊಲವೊಂದನ್ನು ಮಳೆ ಬಿದ್ದ ಮರುದಿನ ನೋಡಿಬರುವುದು ಒಳ್ಳೆಯದು.

ಬಣ್ಣಗಳ ಅರ್ಥ ಬದಲಾಗುವುದನ್ನು ಯಾರೂ ತಡೆಯಲಾರರು, ತಡೆಯಬೇಕಾದದ್ದೂ ಇಲ್ಲ. ಮಡಿ ಹೆಂಗಸಿನ ಕೆಂಪು ಹೋದದ್ದು ಒಳ್ಳೆಯದೇ ಆಯಿತು. ತಡೆಯಬೇಕಾದದ್ದು, ಹಲವು ಅರ್ಥಗಳ ಬಣ್ಣ ಒಂದೇ ಅರ್ಥಕ್ಕೆ ಕುಗ್ಗುವುದನ್ನು. ಜಾಹೀರಾತು ಅದನ್ನು ಕುಗ್ಗಿಸುತ್ತದೆ, ರಾಜಕೀಯ ಕುಗ್ಗಿಸುತ್ತದೆ. ಅವುಗಳ ಲಾಭ ಇರ‍ುವುದೇ ಅದರಲ್ಲಿ. ವಿಮರ್ಶೆಗೆ ಆ ಲಾಭವಿಲ್ಲ. ಆದರೂ ಪಟ್ಟಿ ಹಿಡಿದು ಓದುವಾಗ ಅದೂ ಅದೇ ಕೆಲಸವನ್ನು ಮಾಡುತ್ತದೆ. ಕಪ್ಪು ಎಂದರೆ ಅಜ್ಞಾನ ಎಂದು ಟಿಪ್ಪಣಿ ಬರೆಸುವ ತರಗತಿಯಲ್ಲಿ ಒಬ್ಬಳು ಕಪ್ಪು ಹುಡುಗಿ ಕುಳಿತು ಅದನ್ನು ಬರೆದುಕೊಳ್ಳುತ್ತಿರುತ್ತಾಳೆ ಎಂಬುದನ್ನು ಉಪಾಧ್ಯಾಯರಾಗಲಿ ವಿಮರ್ಶಕರಾಗಲಿ ಮರೆಯಬಾರದು. ಯಾರ ಬಣ್ಣ, ಯಾವ ಋತುವಿನ ಬಣ್ಣ, ಯಾವ ನೆಲದ ಬಣ್ಣ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಓದಲು ಅವಳಿಗೆ ಕಲಿಸಿದರೆ, ಕಾವ್ಯವೂ ಅವಳಿಗೆ ದಕ್ಕೀತು. ಕನ್ನಡದಲ್ಲಿ ಮಳೆಗಾಲವೆಲ್ಲ ತನ್ನ ಬಣ್ಣದ ಹೆಸರಿನಲ್ಲಿಯೇ ಇದೆಯೆಂಬುದೂ ತಿಳಿದೀತು.